ಮೃದಂಗದ ಋಣ: ಗಾಯಕ-ಲೇಖಕ ಟಿ. ಎಂ. ಕೃಷ್ಣ ಅವರ ಬರಹಗಳ ಒಂದು ವಿಮರ್ಶೆ

ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದ ಆರಂಭದಲ್ಲಿ ಆಪ್ತನ ಸ್ವರೂಪವನ್ನು ನಿರೂಪಿಸುತ್ತ ಮೃದಂಗದ ದೃಷ್ಟಾಂತವೊಂದನ್ನು ಕೊಟ್ಟಿರುವುದು ಸ್ವಾಧ್ಯಾಯಶೀಲರಿಗೆಲ್ಲ ತಿಳಿದ ವಿಷಯ. ವೀತರಾಗನ ಉಪದೇಶದಲ್ಲಿ ಸ್ವಾರ್ಥದ ಲೇಶವೂ ಇಲ್ಲವೆಂದು ತೋರಿಸಲು ಆಚಾರ್ಯರು ಆರಿಸಿಕೊಂಡದ್ದು ಮುರಜವೆಂಬ ವಾದ್ಯವನ್ನು. ಅದು ನುಡಿಯುತ್ತದೆ, ಪ್ರತಿಫಲವನ್ನು ಕೇಳುವುದಿಲ್ಲ. ಅದನ್ನು ನುಡಿಸುವವನನ್ನು ಅವರು ಕರೆದಿರುವುದು 'ಶಿಲ್ಪಿ' ಎಂಬ ಶಬ್ದದಿಂದ. ದೃಷ್ಟಾಂತದ ಮಟ್ಟಿಗೆ ಅಷ್ಟೇ ಸಾಕು. ಆದರೆ ಏನನ್ನೂ ಕೇಳದ ಆ ಮೃದಂಗದ ಪರವಾಗಿ ಬೇರೆ ಯಾರಾದರೂ ಕೇಳಬಹುದಾದ ಪ್ರಶ್ನೆಗಳು ಕೆಲವಿವೆ. ಇದನ್ನು ಮಾಡಿದ ಕೈ ಯಾರದು? ಇದರ ಮುಖಕ್ಕೆ ಬಿಗಿದ ಚರ್ಮ ಯಾವ ಜೀವಿಯದು? ಆ ಜೀವಿಯ ಅಂತ್ಯ ಹೇಗಾಯಿತು?

ಶತಮಾನಗಳಿಂದ ಸಭೆಗಳಲ್ಲಿ ಕೇಳದಿದ್ದ ಈ ಪ್ರಶ್ನೆಗಳನ್ನು 2020ರಲ್ಲಿ ಒಂದು ಇಂಗ್ಲಿಷ್ ಪುಸ್ತಕ ಎತ್ತಿತು. ಅದರ ಹೆಸರು 'ಸೆಬಾಸ್ಟಿಯನ್ ಅಂಡ್ ಸನ್ಸ್'. ಮೃದಂಗವನ್ನು ತಯಾರಿಸುವ ಕುಶಲಕರ್ಮಿಗಳ ಸಂಕ್ಷಿಪ್ತ ಇತಿಹಾಸವದು. ಬರೆದವರು ಚರ್ಮಶಾಸ್ತ್ರಜ್ಞರಲ್ಲ, ಸಮಾಜಶಾಸ್ತ್ರದ ಪ್ರಾಧ್ಯಾಪಕರೂ ಅಲ್ಲ. ಆ ಮೃದಂಗವನ್ನೇ ಪಕ್ಕದಲ್ಲಿ ಇರಿಸಿಕೊಂಡು ದಶಕಗಳ ಕಾಲ ಹಾಡಿದ ಕರ್ನಾಟಕ ಸಂಗೀತದ ಪ್ರಸಿದ್ಧ ಗಾಯಕ ಟಿ. ಎಂ. ಕೃಷ್ಣ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಸಮಾಜವು ಈ ಗಾಯಕ-ಲೇಖಕರ ಬರವಣಿಗೆಯನ್ನು ಸಾವಧಾನವಾಗಿ ಪರಿಶೀಲಿಸುವುದು ಉಚಿತವೇ ಆಗಿದೆ.

ಕೃಷ್ಣ ಅವರು ಜನಿಸಿದ್ದು 1976ರ ಜನವರಿ 22ರಂದು, ಮದರಾಸಿನಲ್ಲಿ. ಕೇಂದ್ರದ ಅರ್ಥಸಚಿವರಾಗಿದ್ದ ಟಿ. ಟಿ. ಕೃಷ್ಣಮಾಚಾರಿ ಅವರ ಬಂಧುವರ್ಗಕ್ಕೆ ಸೇರಿದವರು. 1928ರಲ್ಲಿ ಸ್ಥಾಪನೆಯಾದ ಮದರಾಸು ಸಂಗೀತ ಅಕಾಡೆಮಿಯ ಸಭಾಂಗಣಕ್ಕೆ ಆ ಹಿರಿಯರ ಹೆಸರೇ ಇದೆ. ಭಾಗವತುಲ ಸೀತಾರಾಮ ಶರ್ಮ, ಚೆಂಗಲ್ಪಟ್ಟು ರಂಗನಾಥನ್ ಮತ್ತು ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಅವರಲ್ಲಿ ಸಂಗೀತ ಕಲಿತರು. ಕಾಲೇಜಿನಲ್ಲಿ ಓದಿದ್ದು ಅರ್ಥಶಾಸ್ತ್ರ. ಅನುಕೂಲಸ್ಥ ಮನೆತನ, ಶ್ರೇಷ್ಠ ಗುರುಪರಂಪರೆ, ಬಾಲ್ಯದಿಂದಲೇ ದೊರೆತ ವೇದಿಕೆ, ಇವೆಲ್ಲವೂ ಒಟ್ಟಿಗೆ ಕೂಡಿಬಂದ ಭಾಗ್ಯವಂತರು. ಹೀಗೆ ಪಿತ್ರಾರ್ಜಿತವಾಗಿ ಬಂದ ಬಂಡವಾಳವನ್ನು ಬೆಳೆಸುವವರು ಬಹಳ ಮಂದಿ. ಆ ಬಂಡವಾಳ ಎಲ್ಲಿಂದ ಬಂತು, ಯಾರ ದುಡಿಮೆಯಿಂದ ಕೂಡಿತು ಎಂದು ಹಳೆಯ ಲೆಕ್ಕದ ಪುಸ್ತಕವನ್ನು ತೆರೆದು ನೋಡುವವರು ವಿರಳ. ಕೃಷ್ಣ ಅವರ ಬರಹಜೀವನವೆಲ್ಲ ಹೀಗೆ ಹಳೆಯ ಲೆಕ್ಕವನ್ನು ತೆರೆದು ನೋಡುವ ಕೆಲಸವೇ ಆಗಿದೆ.

2007ರಲ್ಲಿ ಬಾಂಬೆ ಜಯಶ್ರೀ ಅವರೊಡನೆ ಸೇರಿ ಹೊರತಂದ 'ವಾಯ್ಸಸ್ ವಿದಿನ್' ಹಿಂದಿನ ತಲೆಮಾರಿನ ವಿದ್ವಾಂಸರಿಗೆ ಸಲ್ಲಿಸಿದ ಗೌರವ. ಅದರಲ್ಲಿ ಪ್ರಶ್ನೆಗಿಂತ ಪ್ರಣಾಮವೇ ಹೆಚ್ಚು. 2013ರಲ್ಲಿ ಪ್ರಕಟವಾದ 'ಎ ಸದರ್ನ್ ಮ್ಯೂಸಿಕ್: ದಿ ಕರ್ನಾಟಿಕ್ ಸ್ಟೋರಿ' ಎಂಬ ಬೃಹದ್ಗ್ರಂಥದಿಂದ ಅವರು ಸ್ವತಂತ್ರ ಲೇಖಕರಾದರು. ಅನುಭವ, ಸಂದರ್ಭ, ಇತಿಹಾಸ ಎಂಬ ಮೂರು ಭಾಗಗಳ ಆ ಗ್ರಂಥದಲ್ಲಿ ರಾಗ-ತಾಳಗಳ ವಿವೇಚನೆಯಿದೆ, ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರ ಕಾಲದಲ್ಲಿ ನೆಲೆಗೊಂಡ ಕಛೇರಿಯ ಕ್ರಮವನ್ನು ಕುರಿತ ವಿಮರ್ಶೆಯಿದೆ. ದೇವದಾಸಿಯರು ಮತ್ತು ನಾಗಸ್ವರದ ವಿದ್ವಾಂಸರು ಸಂಗೀತದ ಮುಖ್ಯವೇದಿಕೆಯಿಂದ ಹೇಗೆ ಅಂಚಿಗೆ ಸರಿಯಬೇಕಾಯಿತು ಎಂಬ ಚರ್ಚೆಯೂ ಇದೆ. 2014ರಲ್ಲಿ ಈ ಕೃತಿಗೆ ಟಾಟಾ ಸಾಹಿತ್ಯೋತ್ಸವದ ಪ್ರಥಮ ಕೃತಿ ಪ್ರಶಸ್ತಿ ಸಂದಿತು.

ಗ್ರಂಥದ ಗುಣವನ್ನು ಒಪ್ಪಿಯೂ ಎರಡು ಕೊರತೆಗಳನ್ನು ಹೇಳಬೇಕಾಗಿದೆ. ಮೊದಲನೆಯದು ವಿಸ್ತಾರ. ಒಂದೇ ವಿಚಾರವು ಬೇರೆ ಬೇರೆ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಅಮೂರ್ತ ಪದಗಳ ನಡುವೆ ಸಾಮಾನ್ಯ ಓದುಗನು ದಾರಿ ತಪ್ಪುತ್ತಾನೆ. ಎರಡನೆಯದು ತತ್ತ್ವಕ್ಕೆ ಸಂಬಂಧಿಸಿದ್ದು. ಕೃತಿಯ ಸಾಹಿತ್ಯದಲ್ಲಿರುವ ಅಕ್ಷರಗಳು ಮುಖ್ಯವಾಗಿ ನಾದದ ಸಾಮಗ್ರಿ, ಅವುಗಳ ಭಕ್ತಿಯ ಅರ್ಥವು ಕಲಾನುಭವಕ್ಕೆ ಅನಿವಾರ್ಯವಲ್ಲ ಎಂಬುದು ಲೇಖಕರ ನಿಲುವು. ಭಕ್ತಾಮರವನ್ನು ನಿತ್ಯವೂ ಪಠಿಸುವ ಮನೆಯವರಿಗೆ ಈ ವಾದವು ಅರ್ಧಾಂಶವಷ್ಟೇ ಒಪ್ಪಿಗೆಯಾದೀತು. ಸ್ತವನದಲ್ಲಿ ನಾದವು ಮನಸ್ಸನ್ನು ನಿಲ್ಲಿಸುತ್ತದೆ ಎಂಬುದು ನಿಜ. ನಿಂತ ಮನಸ್ಸು ಯಾವ ಗುಣವನ್ನು ಚಿಂತಿಸಬೇಕು ಎಂಬುದನ್ನು ತಿಳಿಸುವುದು ಅರ್ಥವೇ. ಒಂದು ನಯದಿಂದ ಸತ್ಯವಾದುದನ್ನು ಪೂರ್ಣಸತ್ಯವೆಂದು ಮಂಡಿಸುವ ಒಲವು ಕೃಷ್ಣ ಅವರ ಬರವಣಿಗೆಯಲ್ಲಿ ಅಲ್ಲಲ್ಲಿ ಕಾಣುತ್ತದೆ. ಕೆಲವು ಬಿಡಿ ಲೇಖನಗಳಲ್ಲಿ ವಿವೇಚನೆ ಮುಗಿಯುವ ಮುನ್ನವೇ ತೀರ್ಪು ಬಂದುಬಿಡುತ್ತದೆ.

ಆದರೆ ಬರೆದುದನ್ನು ಆಚರಣೆಗೆ ತರಲು ಯತ್ನಿಸಿದ ಲೇಖಕರು ಎಂಬ ಗೌರವ ಅವರಿಗೆ ಸಲ್ಲಲೇಬೇಕು. ಚೆನ್ನೈಯ ಡಿಸೆಂಬರ್ ಸಂಗೀತೋತ್ಸವದಲ್ಲಿ ಇನ್ನು ಹಾಡುವುದಿಲ್ಲವೆಂದು 2015ರಲ್ಲಿ ಪ್ರಕಟಿಸಿದರು. ಬೇಡಿಕೆಯ ಶಿಖರದಲ್ಲಿದ್ದ ಗಾಯಕನೊಬ್ಬನು ಅತ್ಯಂತ ಲಾಭದಾಯಕವಾದ ಮಾರುಕಟ್ಟೆಯನ್ನು ತಾನಾಗಿ ಬಿಟ್ಟಂತಾಯಿತು. ಅದೇ ವರ್ಷ ಚೆನ್ನೈಯ ಮೀನುಗಾರರ ಕೇರಿಯಾದ ಊರೂರು ಆಲ್ಕಾಟ್ ಕುಪ್ಪದಲ್ಲಿ ಎಲ್ಲ ಬಗೆಯ ಕಲೆಗಳಿಗೂ ಎಡೆಯಿರುವ ಉತ್ಸವವೊಂದು ಆರಂಭವಾದುದರಲ್ಲಿ ಅವರ ಪಾತ್ರ ದೊಡ್ಡದು. 2016ರಲ್ಲಿ ಅವರಿಗೆ ರಾಮನ್ ಮ್ಯಾಗ್ಸೇಸೆ ಪ್ರಶಸ್ತಿ ದೊರೆತಾಗ, ಅದೇ ವರ್ಷ ಆ ಪ್ರಶಸ್ತಿಯನ್ನು ಪಡೆದ ಇನ್ನೊಬ್ಬ ಭಾರತೀಯರು ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್. ಮಲ ಹೊರುವ ಪದ್ಧತಿಯ ನಿರ್ಮೂಲನಕ್ಕಾಗಿ ಹೋರಾಡಿದವರು ಅವರು. ಶುಚಿಯೆಂದು ಬೀಗುವ ಸಮಾಜವು ತನ್ನ ಅಶುಚಿಯನ್ನು ಯಾರ ತಲೆಯ ಮೇಲೆ ಹೊರಿಸಿದೆ ಎಂಬ ಪ್ರಶ್ನೆಯು ಇಬ್ಬರ ಕೆಲಸದಲ್ಲೂ ಸಮಾನ.

ಮುಂದೆ 2024ರ ಮಾರ್ಚಿನಲ್ಲಿ ಸಂಗೀತ ಅಕಾಡೆಮಿಯು ಅವರನ್ನು ಸಂಗೀತ ಕಲಾನಿಧಿ ಬಿರುದಿಗೆ ಆರಿಸಿದಾಗ ಕೆಲವು ಪ್ರಸಿದ್ಧ ಕಲಾವಿದರು ಪ್ರತಿಭಟಿಸಿ ಆ ವರ್ಷದ ಸಮ್ಮೇಳನದಿಂದ ಹಿಂದೆ ಸರಿದರು. ಅದೇ ಡಿಸೆಂಬರಿನಲ್ಲಿ ಕೃಷ್ಣ ಅವರು ಅಕಾಡೆಮಿಯ ವೇದಿಕೆಯಲ್ಲಿ ಮರಳಿ ಹಾಡಿದರು, ಸಮ್ಮೇಳನದ ಅಧ್ಯಕ್ಷತೆಯನ್ನೂ ವಹಿಸಿದರು. ಬಿಟ್ಟುದನ್ನು ಮತ್ತೆ ಹಿಡಿದರಲ್ಲ ಎಂಬ ಆಕ್ಷೇಪಕ್ಕೆ ಇಲ್ಲಿ ಆಸ್ಪದವಿದೆ. ವ್ರತವಾಗಿ ಬಿಟ್ಟಿದ್ದರೆ ಅದು ವ್ರತಭಂಗವೇ ಸರಿ. ಆದರೆ ಅದು ವ್ರತವಾಗಿರಲಿಲ್ಲ, ಪ್ರತಿಭಟನೆಯಾಗಿತ್ತು. ಪ್ರತಿಭಟನೆಗೆ ಕಾಲವುಂಟು, ಉದ್ದೇಶವುಂಟು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಹಾಗೆಯೇ ಪ್ರತಿಭಟನೆಯನ್ನು ತ್ಯಾಗವೆಂದು ಹೊಗಳುವುದೂ ಉತ್ಪ್ರೇಕ್ಷೆಯೇ.

ಪ್ರಶಸ್ತಿ ವಿವಾದಗಳು ಕಾಲಕ್ರಮದಲ್ಲಿ ಮರೆತುಹೋಗುತ್ತವೆ. ಉಳಿಯುವುದು ಮೃದಂಗವನ್ನು ಕುರಿತ ಪುಸ್ತಕ. ಅದರ ಶೀರ್ಷಿಕೆಯಲ್ಲಿರುವ ಸೆಬಾಸ್ಟಿಯನ್ ತಂಜಾವೂರಿನ ಒಬ್ಬ ಮೃದಂಗ ತಯಾರಕ, ತಮಿಳರ ಬಾಯಲ್ಲಿ ಸೆವಿಟ್ಟಿಯಾನ್. ಅವನ ವಂಶದವರು ತಲೆಮಾರುಗಳ ಕಾಲ ಈ ಕಸುಬನ್ನೇ ನಡೆಸಿಕೊಂಡು ಬಂದರು. ಪಾಲ್ಘಾಟ್ ಮಣಿ ಅಯ್ಯರ್ (1912-1981) ಅವರ ಮೃದಂಗದ ಘನವಾದ ನಾದವನ್ನು ನೆನೆಯುವವರು ಇಂದಿಗೂ ಇದ್ದಾರೆ. ಆ ನಾದಕ್ಕೆ ಒಡಲನ್ನು ಕೊಟ್ಟ ಪರ್ಲಾಂದು ಎಂಬ ಕುಶಲಕರ್ಮಿಯ ಹೆಸರನ್ನು ಬಲ್ಲವರು ಈ ಪುಸ್ತಕಕ್ಕೆ ಮುಂಚೆ ಎಷ್ಟು ಮಂದಿ? ಮೃದಂಗದ ತಯಾರಕರಲ್ಲಿ ಬಹುಪಾಲು ದಲಿತ ಕ್ರೈಸ್ತರು. ದಕ್ಷಿಣದ ಬೇರೆ ಬೇರೆ ಊರುಗಳಲ್ಲಿ ಅವರ ಮನೆಬಾಗಿಲಿಗೆ ಹೋಗಿ, ಕುಳಿತು, ಕೇಳಿ ಬರೆದುದು ಈ ಕೃತಿಯ ಬಲ. 'ಎ ಸದರ್ನ್ ಮ್ಯೂಸಿಕ್'ನಲ್ಲಿದ್ದ ಅಮೂರ್ತತೆ ಇಲ್ಲಿಲ್ಲ. ಮನುಷ್ಯರಿದ್ದಾರೆ, ಅವರಿಗೆ ಹೆಸರಿದೆ, ಕೈಕೆಲಸವಿದೆ.

ಆ ಕೈಕೆಲಸ ಎಂಥದೆಂಬುದನ್ನು ತಿಳಿಯದೆ ಪುಸ್ತಕದ ಮಹತ್ತ್ವ ಅರಿವಾಗದು. ಹಲಸಿನ ಮರವನ್ನು ಕೊರೆದು ಮಾಡಿದ ಒಡಲು, ಅದರ ಎರಡು ತುದಿಗಳಿಗೆ ಚರ್ಮದ ಮುಚ್ಚಿಗೆ. ಬಲಮುಖದಲ್ಲಿ ಆಕಳ ಚರ್ಮವೂ ಆಡಿನ ಚರ್ಮವೂ ಪದರಪದರವಾಗಿ ಕೂಡುತ್ತವೆ. ಎಡಮುಖಕ್ಕೆ ಆಡಿನ ಚರ್ಮದೊಡನೆ ಎಮ್ಮೆಯ ಚರ್ಮ. ಎರಡನ್ನೂ ಎಳೆದು ಬಿಗಿಯುವ ಬಾರುಗಳೂ ಎಮ್ಮೆಯ ಚರ್ಮದವೇ. ಬಲಮುಖದ ನಡುವಣ ಕಪ್ಪು ಕರಣೆಯನ್ನು ಕಬ್ಬಿಣಾಂಶವುಳ್ಳ ಕಲ್ಲಿನ ಪುಡಿಯನ್ನು ಅನ್ನದೊಡನೆ ಅರೆದು, ತೆಳುಪದರಗಳಾಗಿ ಹಚ್ಚಿ, ಪ್ರತಿಯೊಂದು ಪದರವನ್ನೂ ಕಲ್ಲಿನಿಂದ ಉಜ್ಜಿ ಕೂರಿಸಬೇಕು. ಕಛೇರಿಗೆ ಮುನ್ನ ಎಡಮುಖಕ್ಕೆ ಕಲಸಿದ ರವೆಯನ್ನು ಮೆತ್ತಬೇಕು. ಸಾಮಾನ್ಯ ಚರ್ಮವಾದ್ಯದಲ್ಲಿ ಮೂಲನಾದಕ್ಕೂ ಮೇಲಿನ ನಾದಗಳಿಗೂ ಹೊಂದಿಕೆಯಿರುವುದಿಲ್ಲ. ಮೃದಂಗದಲ್ಲಿ ಆ ಹೊಂದಿಕೆಯು ಕರಣೆಯ ಭಾರದಿಂದ ಸಿದ್ಧಿಸುತ್ತದೆ ಎಂದು ಸರ್ ಸಿ. ವಿ. ರಾಮನ್ ಅವರು 1920ರಲ್ಲಿಯೂ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿಯೂ ವಿಜ್ಞಾನಲೋಕಕ್ಕೆ ವಿವರಿಸಿದರು. ಭೌತಶಾಸ್ತ್ರಜ್ಞರು ಸೂತ್ರದಲ್ಲಿ ಹೇಳಿದುದನ್ನು ಅಕ್ಷರವನ್ನು ಹೆಚ್ಚಾಗಿ ಕಾಣದ ಕೈಗಳು ಅವರಿಗಿಂತ ಮೊದಲೇ ಬೆರಳ ತುದಿಯಲ್ಲಿ ಬಲ್ಲವಾಗಿದ್ದವು. ಆ ಕೈಗಳಿಗೆ 'ರಿಪೇರಿಯವ'ನೆಂಬ ಹೆಸರಷ್ಟೇ ಉಳಿದುದು ಅನ್ಯಾಯವೆಂಬುದು ಕೃಷ್ಣ ಅವರ ವಾದ. ಸಮಂತಭದ್ರರ 'ಶಿಲ್ಪಿ' ಶಬ್ದವನ್ನು ನೆನೆದರೆ ಈ ವಾದದ ಸತ್ವವು ಇನ್ನಷ್ಟು ಸ್ಪಷ್ಟವಾಗುತ್ತದೆ. ನುಡಿಸುವವನಿಗೆ ಸಂದ ಆ ಗೌರವದ ಪದವು ಮಾಡುವವನಿಗೆ ಸಲ್ಲದಿರಲು ಕಾರಣವೇ ಇಲ್ಲ.

ಪುಸ್ತಕವು ಇಷ್ಟಕ್ಕೆ ನಿಂತಿದ್ದರೆ ಯಾರೂ ಸಿಟ್ಟಾಗುತ್ತಿರಲಿಲ್ಲ. ಅದು ಮುಂದಕ್ಕೆ ಹೋಗಿ ಚರ್ಮದ ಮೂಲವನ್ನೂ ಹೇಳಿತು. ವಾದ್ಯಕ್ಕೆ ಬಳಸುವ ಚರ್ಮವು ತಾನಾಗಿ ಸತ್ತ ಪ್ರಾಣಿಯದು ಎಂಬ ನಂಬಿಕೆಯಿಂದ ಸಮಾಧಾನಪಟ್ಟುಕೊಂಡವರು ಅನೇಕರು. ಕೃಷ್ಣ ಅವರು ಆ ಸಮಾಧಾನವನ್ನು ಉಳಿಸಲಿಲ್ಲ. ವಧೆಯಾದ ಪ್ರಾಣಿಯ ಚರ್ಮವನ್ನು ಕಣ್ಣಿನಿಂದ ಅಳೆದು, ಕೈಯಿಂದ ಮುಟ್ಟಿ ಆರಿಸಬೇಕಾದುದು ತಯಾರಕನ ಕೆಲಸವೆಂಬುದನ್ನು ಮರೆಮಾಚದೆ ಬರೆದರು. 2020ರ ಜನವರಿಯಲ್ಲಿ, ಬಿಡುಗಡೆಗೆ ಕೆಲವೇ ದಿನಗಳಿರುವಾಗ, ಪುಸ್ತಕದ ಭಾಗಗಳು ಪತ್ರಿಕೆಯಲ್ಲಿ ಬಂದವು. ಸಮಾರಂಭಕ್ಕೆ ಸಭಾಂಗಣವನ್ನು ಕೊಡಲು ಒಪ್ಪಿದ್ದ ಚೆನ್ನೈಯ ಕಲಾಕ್ಷೇತ್ರ ಪ್ರತಿಷ್ಠಾನವು ಆ ಬಳಿಕ ಅನುಮತಿಯನ್ನು ಹಿಂದೆಗೆದುಕೊಂಡಿತು. ಫೆಬ್ರವರಿಯಲ್ಲಿ ಪುಸ್ತಕವು ನಗರದ ಪತ್ರಿಕೋದ್ಯಮ ಕಾಲೇಜೊಂದರಲ್ಲಿ ಬಿಡುಗಡೆಯಾಯಿತು. ಮೃದಂಗವು ಸಭಾಂಗಣಗಳಲ್ಲಿ ನುಡಿಯಬಹುದು, ಅದರ ಚರ್ಮದ ವೃತ್ತಾಂತ ಮಾತ್ರ ಅಲ್ಲಿ ನುಡಿಯಬಾರದು ಎಂಬಂತಾಯಿತು.

ಇಲ್ಲಿ ಜೈನಾಚಾರದ ಒಂದು ಮೂಲತತ್ತ್ವವನ್ನು ಸ್ಮರಿಸಬೇಕು. ಕರ್ಮಾಸ್ರವಕ್ಕೆ ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳು. ತಾನೇ ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದುದನ್ನು ಮೆಚ್ಚುವುದು, ಈ ಮೂರಕ್ಕೂ ಫಲವುಂಟು. ಈ ದೃಷ್ಟಿಯಿಂದ ನೋಡಿದರೆ ಕಟುಕನ ಕತ್ತಿ, ತಯಾರಕನ ಉಳಿ, ವಾದಕನ ಬೆರಳು, ಗಾಯಕನ ಕಂಠ, ಸಭಿಕನ ಚಪ್ಪಾಳೆ ಎಲ್ಲವೂ ಒಂದೇ ಸರಪಳಿಯ ಕೊಂಡಿಗಳು. ಲೋಕವ್ಯವಹಾರವು ಮಾಡಿದುದೇನು? 'ಕೃತ'ವನ್ನು ಬಡವನ ಖಾತೆಗೆ ಖರ್ಚು ಬರೆದು ಅವನನ್ನು ಅಸ್ಪೃಶ್ಯನೆಂದಿತು. 'ಕಾರಿತ' ಮತ್ತು 'ಅನುಮೋದನೆ'ಗಳನ್ನು ಯಾವ ಖಾತೆಗೂ ಬರೆಯದೆ ಬಿಟ್ಟು ನಾದಾನಂದವನ್ನು ಮಾತ್ರ ತನ್ನ ಹೆಸರಿಗೆ ಜಮಾ ಮಾಡಿಕೊಂಡಿತು. ಇಂಥ ಲೆಕ್ಕವನ್ನು ಪ್ರಾಮಾಣಿಕನಾದ ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ. ಕೃಷ್ಣ ಅವರು ಜೈನಪರಿಭಾಷೆಯನ್ನು ಬಳಸಿದವರಲ್ಲ. ಆದರೂ ಅವರ ಪುಸ್ತಕವು ಬಿಟ್ಟುಹೋದ ಈ ಎರಡು ಬಾಬುಗಳನ್ನು ಮರಳಿ ಲೆಕ್ಕಕ್ಕೆ ತಂದಿದೆ.

ಶ್ರಾವಕಸಮಾಜವೂ ಈ ದೋಷದಿಂದ ಪೂರ್ಣವಾಗಿ ಮುಕ್ತವೆಂದು ಹೇಳಲಾಗದು. ದಂತ, ಚರ್ಮ ಮೊದಲಾದ ಪ್ರಾಣಿಜನ್ಯ ವಸ್ತುಗಳ ವ್ಯಾಪಾರವು ಶ್ರಾವಕನಿಗೆ ನಿಷಿದ್ಧವೆಂದು ಆಚಾರಗ್ರಂಥಗಳು ವಿಧಿಸಿದುದು ಹಿಂಸೆಯನ್ನು ತಡೆಯಲು. ಅದು ಚರ್ಮಕಾರನನ್ನು ಕೀಳಾಗಿ ಕಾಣಲು ಕೊಟ್ಟ ಅನುಮತಿಪತ್ರವಲ್ಲ. ಹಿಂಸೆಯನ್ನು ಹೇಯವೆನ್ನುವುದು ಧರ್ಮ, ಹಿಂಸೆಯ ದುಡಿಮೆಗೆ ತಳ್ಳಲ್ಪಟ್ಟ ಮನುಷ್ಯನನ್ನು ಹೇಯವೆನ್ನುವುದು ಮಾನಕಷಾಯ. ಮನುಷ್ಯಕುಲವು ಒಂದೇ ಎಂದು ಆದಿಪುರಾಣದಲ್ಲಿ ಸಾರಿದ ಪಂಪನ ನಾಡಿನವರಿಗೆ ಇವೆರಡರ ಅಂತರವನ್ನು ಬೇರೆಯವರು ಕಲಿಸಬೇಕಾಗಿಲ್ಲ.

ಇಷ್ಟನ್ನು ಕೃತಜ್ಞತೆಯಿಂದ ಒಪ್ಪಿದ ಮೇಲೆ ಪುಸ್ತಕಕ್ಕೆ ಕೇಳಬೇಕಾದ ಪ್ರಶ್ನೆಯೊಂದು ಉಳಿಯುತ್ತದೆ. ಮೃದಂಗದ ಹಿಂದೆ ಮರೆಯಾಗಿದ್ದವರು ಇಬ್ಬರು, ತಯಾರಕ ಮತ್ತು ಪ್ರಾಣಿ. ಲೇಖಕರು ಮೊದಲನೆಯವನಿಗೆ ಹೆಸರು, ಮುಖ, ಮಾತು ಮೂರನ್ನೂ ದೊರಕಿಸಿಕೊಟ್ಟರು. ಎರಡನೆಯದು ಬಹುಮಟ್ಟಿಗೆ ಜಾತಿವ್ಯವಸ್ಥೆಯ ಕಪಟವನ್ನು ಬಯಲಿಗೆಳೆಯುವ ಸಾಕ್ಷ್ಯವಾಗಿ ಬರುತ್ತದೆ. ಪುಸ್ತಕದ ಮುಖ್ಯ ಕಾಳಜಿ ಮನುಷ್ಯನ ಘನತೆ. ಅದು ತಪ್ಪಲ್ಲ, ಆದರೆ ಅಲ್ಲಿಗೆ ಮುಗಿಯುವುದೂ ಇಲ್ಲ. ಪಂಚೇಂದ್ರಿಯ ಜೀವಿಯೊಂದರ ಪ್ರಾಣವು ಕಪಟದ ನಿದರ್ಶನಕ್ಕಿಂತ ಹೆಚ್ಚಿನದು. 'ನೀವೆಲ್ಲರೂ ಪಾಲುದಾರರು' ಎಂದು ತೋರಿಸಿದ ಲೇಖನಿಯು 'ಹಾಗಾದರೆ ಈ ಪಾಲುದಾರಿಕೆಯನ್ನು ಮುಂದುವರಿಸಬೇಕೆ?' ಎಂಬ ಪ್ರಶ್ನೆಗೂ ಅಷ್ಟೇ ಪುಟಗಳನ್ನು ಮೀಸಲಿಟ್ಟಿದ್ದರೆ ಕೃತಿಯು ಇನ್ನೂ ಎತ್ತರಕ್ಕೆ ಏರುತ್ತಿತ್ತು.

ಈ ಪ್ರಶ್ನೆಗೆ ಪುಸ್ತಕದ ಹೊರಗೆ, ಕರ್ನಾಟಕದಲ್ಲಿಯೇ, ಒಂದು ಉತ್ತರ ರೂಪುಗೊಂಡಿದೆ. ಬೆಂಗಳೂರಿನ ವಿಜ್ಞಾನಿಯೂ ಗಾಯಕರೂ ಆದ ಡಾ. ಕೆ. ವರದರಂಗನ್ ಅವರು ಪ್ರಾಣಿಚರ್ಮವನ್ನು ಬಿಟ್ಟು ಕೃತಕ ಹಾಳೆಯ ಮುಚ್ಚಿಗೆಯುಳ್ಳ ಮೃದಂಗವನ್ನು ಸಿದ್ಧಪಡಿಸಿದ್ದಾರೆ. ಚರ್ಮದ ನಾದಕ್ಕೆ ಅದು ಎಷ್ಟು ಸಮೀಪ ಎಂಬುದು ವಿದ್ವಾಂಸರು ತೀರ್ಮಾನಿಸಬೇಕಾದ ವಿಷಯ. ಅಹಿಂಸಾದೃಷ್ಟಿಯಿಂದ ಆ ದಾರಿ ಸ್ವಾಗತಾರ್ಹವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಲ್ಲಿಯೇ ಕೃಷ್ಣ ಅವರ ಪುಸ್ತಕವು ಶ್ರಾವಕನ ಕೈಹಿಡಿದು ನಿಲ್ಲಿಸುತ್ತದೆ. ಹೊಸ ಮೃದಂಗ ಬಂದು ಹಳೆಯದು ಹೋದರೆ ಸೆಬಾಸ್ಟಿಯನ್‌ನ ಮೊಮ್ಮಕ್ಕಳ ಗತಿಯೇನು? ಹಸುವಿನ ಪ್ರಾಣವನ್ನು ಉಳಿಸುವ ಸಂತೋಷದಲ್ಲಿ, ತಲೆಮಾರುಗಳ ಕಾಲ ನಾದವನ್ನು ಉಣಿಸಿದ ಕುಟುಂಬದ ಒಲೆ ಆರಿದರೆ ಅದೂ ಹಿಂಸೆಯೇ. ಪ್ರಾಣಿಯ ಪರವಾದ ಕರುಣೆಯೂ ಮನುಷ್ಯನ ಪರವಾದ ನ್ಯಾಯವೂ ಪರಸ್ಪರ ವಿರೋಧಿಗಳಲ್ಲ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವವನ ದೃಷ್ಟಿ ಏಕಾಂತ. ಎರಡನ್ನೂ ಒಟ್ಟಿಗೆ ಹಿಡಿಯುವ ಕಷ್ಟವನ್ನು ವಹಿಸುವವನದು ಅನೇಕಾಂತ.

ಕೃಷ್ಣ ಅವರ ಸಂಗೀತದಲ್ಲಿಯೇ ಈ ಕಷ್ಟದ ದಾರಿಯ ಸೂಚನೆಯೊಂದಿದೆ. 2020ರಲ್ಲಿ ಅಶೋಕ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಅವರು ಸಾಮ್ರಾಟ ಅಶೋಕನ ಪ್ರಾಕೃತ ಶಾಸನಗಳಿಗೆ ರಾಗವನ್ನು ಅಳವಡಿಸಿ ಹಾಡಿದರು. ಆಗಮಗಳ ಭಾಷೆಯಾದ ಪ್ರಾಕೃತವು ಕಛೇರಿಯ ಗಾಯಕನ ಕಂಠದಿಂದ ಕೇಳಿಬಂದದ್ದೇ ಒಂದು ಸಂತಸ. ಅಶೋಕನ ಶಾಸನಗಳ ಪೈಕಿ ಮೊದಲನೆಯ ಬಂಡೆಶಾಸನವನ್ನು ಬಲ್ಲವರಿಗೆ ಒಂದು ಸಂಗತಿ ತಿಳಿದಿದೆ. ಪ್ರಾಣಿವಧೆಯನ್ನು ನಿಷೇಧಿಸುವ ಆ ಚಕ್ರವರ್ತಿ ತನ್ನ ಅಡುಗೆಮನೆಯ ಲೆಕ್ಕವನ್ನು ಮುಚ್ಚಿಡುವುದಿಲ್ಲ. ಹಿಂದೆ ಅಲ್ಲಿ ಅಸಂಖ್ಯ ಪ್ರಾಣಿಗಳು ಸಾಯುತ್ತಿದ್ದವು, ಈಗ ಎರಡು ನವಿಲು ಮತ್ತು ಒಂದು ಜಿಂಕೆಗೆ ಇಳಿದಿದೆ, ಮುಂದೆ ಅದೂ ಇರುವುದಿಲ್ಲ ಎಂದು ಕಲ್ಲಿನ ಮೇಲೆ ಬರೆಸಿದ್ದಾನೆ. ಪೂರ್ಣವಾಗಿ ಶುದ್ಧನಾದ ಮೇಲೆ ಹೇಳುತ್ತೇನೆಂದು ಕಾಯಲಿಲ್ಲ. ಇಷ್ಟು ಉಳಿದಿದೆ ಎಂದು ಬಾಕಿಯನ್ನು ತೋರಿಸಿಯೇ ಲೆಕ್ಕವನ್ನು ಒಪ್ಪಿಸಿದ. ಗೃಹಸ್ಥನ ಅಣುವ್ರತವು ನಡೆಯಬೇಕಾದ ಕ್ರಮವೂ ಇದೇ. ಬಾಕಿಯನ್ನು ಒಪ್ಪಿಕೊಳ್ಳುವುದು, ವರ್ಷದಿಂದ ವರ್ಷಕ್ಕೆ ಅದನ್ನು ಇಳಿಸುವುದು.

ಬಸದಿಗಳ ಆಡಳಿತ ಮಂಡಳಿಗಳು ಈ ವಿಚಾರದಲ್ಲಿ ಮಾಡಬಹುದಾದುದು ಸಾಕಷ್ಟಿದೆ. ತೀರ್ಥಂಕರರ ಅಷ್ಟಪ್ರಾತಿಹಾರ್ಯಗಳಲ್ಲಿ ದೇವದುಂದುಭಿಯೂ ಒಂದು. ಸಮವಸರಣದಲ್ಲಿ ಮೊಳಗುವ ಆ ದುಂದುಭಿಗಾಗಿ ಯಾವ ಜೀವವೂ ನೊಂದಿಲ್ಲ. ಅದರ ಪ್ರತೀಕವಾಗಿ ಬಸದಿಯಲ್ಲಿ ನುಡಿಯುವ ವಾದ್ಯವೂ ಸಾಧ್ಯವಾದ ಮಟ್ಟಿಗೆ ನಿರ್ದೋಷವಾಗಿರಲೆಂದು ಆಶಿಸುವುದು ಸಹಜ. ಪಂಚಕಲ್ಯಾಣ, ರಥೋತ್ಸವಗಳ ಸಂಗೀತಸೇವೆಯಲ್ಲಿ ಚರ್ಮರಹಿತ ಮೃದಂಗಕ್ಕೆ ಅವಕಾಶ ಕೊಟ್ಟು ನೋಡಬಹುದು. ಅದರೊಡನೆಯೇ ಈಗಿರುವ ಮೃದಂಗವನ್ನು ಕಟ್ಟಿದವನು ಯಾರೆಂದು ವಿಚಾರಿಸಿ, ವಾದಕನಿಗೆ ಹೊದಿಸುವ ಶಾಲನ್ನು ಅವನಿಗೂ ಹೊದಿಸಿ, ನ್ಯಾಯವಾದ ಕೂಲಿಯನ್ನು ಸಲ್ಲಿಸಬೇಕು. ಹೊಸ ಬಗೆಯ ವಾದ್ಯವನ್ನು ಕಟ್ಟುವ, ಶ್ರುತಿಗೊಳಿಸುವ ವಿದ್ಯೆಯು ಆ ಕುಟುಂಬದ ಮಕ್ಕಳಿಗೆ ದೊರೆಯುವಂತೆ ವಿದ್ಯಾರ್ಥಿವೇತನವನ್ನು ಇಡುವುದು ಜ್ಞಾನದಾನವೂ ಆದೀತು, ಅಭಯದಾನವೂ ಆದೀತು.

ಟಿ. ಎಂ. ಕೃಷ್ಣ ಅವರ ಎಲ್ಲ ಅಭಿಪ್ರಾಯಗಳನ್ನೂ ಒಪ್ಪಬೇಕಾಗಿಲ್ಲ. ಅವರ ಬರವಣಿಗೆಯಲ್ಲಿ ಆತುರವಿದೆ, ಕೆಲವೆಡೆ ಏಕಪಕ್ಷವಿದೆ, ಭಕ್ತಿಯ ವಿಷಯದಲ್ಲಿ ಕೊರತೆಯಿದೆ. ಆದರೆ ತನ್ನ ಹಾಡಿಗೆ ಆಧಾರವಾದ ವಾದ್ಯದ ಒಡಲನ್ನು ಬಿಚ್ಚಿ, ಒಳಗಿನ ನೋವನ್ನು ಸಭೆಯ ಮುಂದೆ ಇಟ್ಟ ಗಾಯಕರು ವಿರಳ. ಹಾಡುಗಾರನಾಗಿ ಪಡೆದುದರ ಋಣವನ್ನು ಅವರು ಬರಹಗಾರನಾಗಿ ಒಪ್ಪಿಕೊಂಡರು. ಆ ಋಣದಲ್ಲಿ ಕೇಳುಗರ ಪಾಲೂ ಇದೆ. ಮುರಜವು ಏನನ್ನೂ ಅಪೇಕ್ಷಿಸುವುದಿಲ್ಲವೆಂಬುದು ನಿಜ. ಸಾಲಗಾರನು ಕೇಳಲಿಲ್ಲವೆಂದು ಸಾಲವು ತೀರಿದಂತಾಗುವುದಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ವ್ಯವಹಾರ ಮಾಡಿದ ಪ್ರತಿಯೊಂದು ಮನೆಯೂ ಬಲ್ಲದು.